ಟರ್ಫಿನ ಅಡಿಯಲ್ಲಿ ಏನಾಗಿದೆ? ಹಿತ್ತಲ ಕೋರ್ಟಿನ ನೆಲದ ದೋಷ ಹುಡುಕುವ ಬಗೆ

ಆರಿದ್ರ ಮಳೆ ಹಿಡಿದು ವಾರ ಕಳೆಯುವುದರೊಳಗೆ ಫೋನ್ ಶುರುವಾಗುತ್ತದೆ. "ಕೋರ್ಟಲ್ಲಿ ನೀರು ನಿಂತಿದೆ ಮಾರಾಯ್ರೆ, ಆ ಟರ್ಫ್ ಕೊಟ್ಟೋನಿಗೆ ಹೇಳಿ ಬದಲಾಯಿಸಬೇಕು." ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಜಾಗ ಮೊದಲು ಏನಾಗಿತ್ತು? ಕಾಫಿ ಕಣವೋ, ಗದ್ದೆಯೋ, ಕೊಟ್ಟಿಗೆಯೋ, ಗುಡ್ಡ ತರಿದು ಮಾಡಿದ ಸಪಾಟೋ? ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಸುತ್ತಮುತ್ತ ಹಿತ್ತಲಲ್ಲಿ ಟರ್ಫ್, ಅಂದರೆ ಕೃತಕ ಹುಲ್ಲು, ಹಾಸಿದ ಶಟಲ್, ವಾಲಿಬಾಲ್, ಬಾಕ್ಸ್ ಕ್ರಿಕೆಟ್ ಅಂಗಳಗಳಿಗೆ ನೆಲ ಮಾಡಿಕೊಡುವುದು ನನ್ನ ಕೆಲಸ. ಬೇರೆಯವರು ಕೆಡಿಸಿದ್ದನ್ನೂ ಸರಿಮಾಡಿದ್ದೇನೆ, ನಾನೇ ಕೆಡಿಸಿದ್ದನ್ನೂ ಸರಿಮಾಡಿದ್ದೇನೆ. ಹುಲ್ಲು ಕೆಟ್ಟದ್ದು ನೋಡಿದ್ದು ಅಪರೂಪ, ಕೆಡುವುದು ನೆಲ. ಅದರಲ್ಲೂ ಮಲೆನಾಡಲ್ಲಿ ನೆತ್ತಿಯ ಮೇಲೆ ಬಿದ್ದ ಮಳೆಗಿಂತ ಪಕ್ಕದಿಂದ ನುಗ್ಗಿದ ನೀರು ಮಾಡುವ ಅನಾಹುತವೇ ದೊಡ್ಡದು.

ನೋಡಲು ಹೋಗುವಾಗ ಜೀಪಿನಲ್ಲಿ ಹಾಕಿಕೊಳ್ಳುವುದು ಇಷ್ಟು: 12 ಎಂಎಂ ಕಂಬಿಯ ನಾಲ್ಕಡಿ ತುಂಡು, ಒಂದು ತುದಿ ಚೂಪು ಮಾಡಿದ್ದು. ಗಾರೆಯವರು ಪ್ಲಾಸ್ಟರ್ ಎಳೆಯುವ 10 ಅಡಿಯ ಅಲ್ಯೂಮಿನಿಯಂ ಪಟ್ಟಿ. ಮಟ್ಟ ನೋಡುವ ನೀರಿನ ಟ್ಯೂಬ್ ಲೆವೆಲ್, ಒಂದು ಬಕೆಟ್, ಮುಚ್ಚಳವಿರುವ ಎರಡು ಗಾಜಿನ ಬಾಟಲಿ, ಒಂದಿಷ್ಟು ಸುಣ್ಣದ ಪುಡಿ, ಮತ್ತೆ ಕೊಡೆ. ಕೊಡೆ ತಮಾಷೆಗೆ ಹೇಳಿದ್ದಲ್ಲ. ಕೋರ್ಟ್ ನೋಡಬೇಕಾದ್ದು ಮಳೆ ಸುರಿಯುವಾಗಲೇ. ಬಿಸಿಲಲ್ಲಿ ಎಲ್ಲ ಕೋರ್ಟೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಮೂಲೆ ಎತ್ತಿ

ಉಬ್ಬು, ತಗ್ಗು, ಸುಕ್ಕು ಏನೇ ಇರಲಿ, ಅದಕ್ಕೆ ಹತ್ತಿರದ ಅಂಚಿನಿಂದ ಟರ್ಫ್ ಬಿಡಿಸಿ ಮಡಚಿ. ಅದಕ್ಕೂ ಮುಂಚೆ ಹುಲ್ಲಿನ ಎಳೆಗಳ ನಡುವೆ ತುಂಬಿದ ಮರಳನ್ನು ಗಟ್ಟಿ ಪೊರಕೆಯಲ್ಲಿ ಒಂದು ಪಕ್ಕಕ್ಕೆ ಎಳೆದುಕೊಳ್ಳಿ. ಇಲ್ಲದಿದ್ದರೆ ಅಷ್ಟೂ ಮರಳು ಟರ್ಫಿನಡಿಯ ಜಲ್ಲಿ ಹಾಸಿನ ಮೇಲೆ ಸುರಿದು, ಇರುವ ಉಬ್ಬಿನ ಜೊತೆ ನಿಮ್ಮದೂ ಒಂದು ಸೇರುತ್ತದೆ. ಈಗ ಬರಿ ನೆಲದ ಮೇಲೆ ಪಟ್ಟಿ ಇಟ್ಟು, ಮಂಡಿಯೂರಿ, ಪಟ್ಟಿಯ ಅಡಿಯಿಂದ ಬೆಳಕು ಕಾಣುತ್ತದೋ ನೋಡಿ. 10 ಅಡಿಯಲ್ಲಿ 6 ಎಂಎಂ ಸಂದಿನ ತನಕ ನಾನು ಸುಮ್ಮನಿರುತ್ತೇನೆ. ಕಿರುಬೆರಳ ತುದಿ ತೂರಿತೋ, ದೋಷ ನೆಲದ್ದು.

ನೆಲ ಸಪಾಟಾಗಿದ್ದು ಮೇಲೆ ಮಾತ್ರ ಸುಕ್ಕಿದ್ದರೆ ಅದು ಹಾಸುವಾಗಿನ ತಪ್ಪು. ಸುರುಳಿ ಬಿಚ್ಚಿ ಸ್ವಲ್ಪ ಹೊತ್ತು ಮಲಗಲು ಬಿಡದೆ ಅಂಟಿಸಿರುತ್ತಾರೆ, ಇಲ್ಲವೇ ಮರಳು ಕಡಿಮೆ ಹಾಕಿರುತ್ತಾರೆ. ಅದು ಟರ್ಫಿನವನ ಕೆಲಸ, ಅವನಿಗೇ ಬಿಡಿ.

ನೀರು ನಿಲ್ಲುತ್ತದೆ ಅಂದರೆ

ಎಲ್ಲಿ, ಎಷ್ಟು ಹೊತ್ತು? ಇವೆರಡು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಜೋರು ಮಳೆಯಲ್ಲಿ ಹುಲ್ಲಿನ ಮಧ್ಯೆ ತೆಳುವಾಗಿ ನೀರು ಮಿನುಗಿ, ಮಳೆ ನಿಂತ ಹತ್ತು–ಹದಿನೈದು ನಿಮಿಷಕ್ಕೆ ಮಾಯವಾದರೆ ಅದು ದೋಷವೇ ಅಲ್ಲ. ಮಳೆ ನಿಂತು ಅರ್ಧ ದಿನವಾದರೂ ಕೋರ್ಟಿನ ಉದ್ದಗಲಕ್ಕೆ ಪಿಚಪಿಚ ಅನ್ನುತ್ತಿದ್ದರೆ ಹಾಸು ಕಟ್ಟಿಕೊಂಡಿದೆ. ಒಂದೇ ಜಾಗದಲ್ಲಿ ತಟ್ಟೆಯಲ್ಲಿ ಸುರಿದಂತೆ ನಿಂತರೆ ಅಲ್ಲಿ ತಗ್ಗಾಗಿದೆ. ಎರಡು ದಿನ ಬಿಸಿಲು ಬಂದರೂ ಧರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಕಡೆಯ ಅಂಚು ಮಾತ್ರ ಒಣಗುತ್ತಿಲ್ಲ ಅಂದರೆ ಜಲ ಎದ್ದಿದೆ, ಗುಡ್ಡದೊಳಗಿನ ನೀರು ಒಸರುತ್ತಿದೆ.

ಅನುಮಾನ ಉಳಿದರೆ ಬಕೆಟ್ ತೆಗೆದುಕೊಳ್ಳಿ. ಟರ್ಫ್ ಮೇಲೆ ಒಂದು ಬಕೆಟ್ ನೀರು ನಿಧಾನಕ್ಕೆ ಸುರಿಯಿರಿ. ಆಮೇಲೆ ಮಡಚಿದ ಜಾಗದ ಬರಿ ಹಾಸಿನ ಮೇಲೆ ಇನ್ನೊಂದು ಬಕೆಟ್. ಮೇಲೆ ನಿಂತು ಕೆಳಗೆ ಇಂಗಿದರೆ ಟರ್ಫಿನ ಬೆನ್ನಿನ ತೂತುಗಳು ಕಟ್ಟಿವೆ. ಸಿಲ್ವರ್ ಮರದ ಕೆಳಗಿನ ಕೋರ್ಟಲ್ಲಿ ಇದು ಮಾಮೂಲು, ಒಣಗಿದೆಲೆ ಪುಡಿಯಾಗಿ ಮರಳಿನ ಜೊತೆ ಸೇರಿ ರೊಟ್ಟಿಯಾಗಿರುತ್ತದೆ. ಎರಡು ಕಡೆಯೂ ನಿಂತರೆ ಹಾಸಿನ ದೋಷ. ಬೇಸಿಗೆಯಲ್ಲಿ ಎರಡು ಕಡೆಯೂ ಚೆನ್ನಾಗಿ ಇಂಗಿ, ಜುಲೈನಲ್ಲಿ ಮಾತ್ರ ನಿಲ್ಲುವುದಾದರೆ ಅಡಿಯ ಮಣ್ಣು ತುಂಬಿಕೊಂಡಿದೆ, ಬಂದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ.

ಹಾಸು ಕಟ್ಟುವುದಕ್ಕೆ ನಮ್ಮ ಕಡೆ ಮುಖ್ಯ ಕಾರಣ ಕ್ರಷರ್ ಡಸ್ಟ್, ಜಲ್ಲಿ ಒಡೆಯುವಾಗ ಉಳಿಯುವ ಕಲ್ಲಿನ ಪುಡಿ. ಈ ವಿಷಯದಲ್ಲಿ ಪಾಠ ಕಲಿಯಲು ನನಗೆ ದುಡ್ಡು ಖರ್ಚಾಗಿದೆ. ಮೂಡಿಗೆರೆ ರಸ್ತೆಯ ಒಂದು ತೋಟದ ಮನೆಯಲ್ಲಿ ಶಟಲ್ ಕೋರ್ಟ್. ಕೋರ್ಟ್ 44 ಅಡಿಗೆ 20 ಅಡಿ, ಸುತ್ತ ಓಡಾಡಲು ಬಿಟ್ಟು ಒಟ್ಟು 60 ಅಡಿಗೆ 30 ಅಡಿ ನೆಲ. ಮೇಲಿನ ಪದರಕ್ಕೆ 6 ಎಂಎಂ ಚಿಪ್ಸ್ (ಸಣ್ಣ ಜಲ್ಲಿ) ಬೇಕಿತ್ತು. ಆ ವಾರ ಕ್ರಷರಿನಲ್ಲಿ ಅದಿರಲಿಲ್ಲ, ಡಸ್ಟ್ ಬೇಕಾದಷ್ಟಿತ್ತು. ಡಸ್ಟ್ ಎಳೆಯುವುದು ಸುಲಭ, ರೋಲರ್ ಹೊಡೆದರೆ ಸಿಮೆಂಟ್ ನೆಲದಷ್ಟು ನುಣುಪು. ಮನೆಯವರಿಗೂ ಖುಷಿ, ನನಗೂ ಖುಷಿ, ನಾಲ್ಕಿಂಚು ಹಾಕಿಬಿಟ್ಟೆ. ಪುನರ್ವಸು ಮಳೆಯಲ್ಲಿ ಹೋಗಿ ನಿಂತರೆ ನೆನೆದ ಗೋಣಿಚೀಲ ಮೆಟ್ಟಿದ ಹಾಗೆ ಕಾಲ್ಬೆರಳ ಸಂದಿಯಲ್ಲಿ ನೀರು ಏಳುತ್ತಿತ್ತು. ಕಂಬಿ ಚುಚ್ಚಿ ಎಳೆದರೆ ತುದಿಯಿಂದ ನಾಲ್ಕು ಬೆರಳು ಬೂದು ರಾಡಿ. ಹಾರೆಯಲ್ಲಿ ಆ ರಾಡಿ ಸರಿಸಿ ನೋಡಿದೆ, ಕೆಳಗಿನ ಜಲ್ಲಿ ಹೆಚ್ಚುಕಮ್ಮಿ ಒಣಗಿಯೇ ಇತ್ತು. ಕೆಳಗೆ ಇಳಿಯಬೇಕಾದ ನೀರೆಲ್ಲ ಡಸ್ಟಿನಲ್ಲೇ ಸಿಕ್ಕಿಕೊಂಡಿತ್ತು. ಟರ್ಫ್ ಸುತ್ತಿಟ್ಟು, ಅಷ್ಟೂ ಡಸ್ಟ್ ಕೆರೆಸಿ ಹೊರಗೆ ಹಾಕಿಸಿದ್ದು ನನ್ನ ಕೈಯಿಂದಲೇ.

ಅಂದಿನಿಂದ ಲೋಡ್ ಇಳಿಸುವ ಮುಂಚೆ ಬಾಟಲಿ ಪರೀಕ್ಷೆ. ಮೂರನೇ ಒಂದು ಪಾಲು ಮಾಲು, ಉಳಿದದ್ದು ನೀರು, ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ ಇಟ್ಟುಬಿಡುವುದು. ಹರಳು ಕಣ್ಣೆದುರೇ ತಳ ಸೇರುತ್ತದೆ. ಒಂದು ತಾಸು ಬಿಟ್ಟು ಅದರ ಮೇಲೆ ಕೂತ ನುಣ್ಣನೆಯ ಪದರ ಒಟ್ಟು ಎತ್ತರದ ಹತ್ತರಲ್ಲೊಂದು ಪಾಲು ಮೀರಿದ್ದರೆ ಆ ಲಾರಿಯನ್ನು ನಾನು ವಾಪಸ್ ಕಳಿಸುತ್ತೇನೆ. ಅಂಗಳದ ಮಣ್ಣನ್ನೂ ಹೀಗೇ ನೋಡಬಹುದು. ಮರಳು ನಿಮಿಷದಲ್ಲಿ ಕೂರುತ್ತದೆ, ಗೋಡು (ನುಣ್ಣನೆಯ ಹೂಳು) ಕೂರಲು ಕೆಲವು ತಾಸು ಬೇಕು, ಜೇಡಿ ಮರುದಿನ ಬೆಳಿಗ್ಗೆಯೂ ನೀರನ್ನು ಚಹಾದ ಬಣ್ಣದಲ್ಲೇ ಇಟ್ಟಿರುತ್ತದೆ.

ಧರೆ ನೀರು, ಸೂರಿನ ನೀರು

ಮಲೆನಾಡಿನ ಮನೆಯ ಹಿತ್ತಲು ಅಂದರೆ ಬಹುಪಾಲು ಗುಡ್ಡ ಕಡಿದು ಮಾಡಿದ ಜಾಗ. ಹಿಂದೆ ಧರೆ, ಮುಂದೆ ಇಳಿಜಾರು. ಪುಷ್ಯ, ಆಶ್ಲೇಷದ ಹೊತ್ತಿಗೆ ಗುಡ್ಡವೆಲ್ಲ ನೀರು ಕುಡಿದು ತುಂಬಿ, ಕಡಿದ ಕಡೆಯಲ್ಲಿ ಜಲ ಒಡೆಯುತ್ತದೆ. ನೂರಾರು ವರ್ಷದಿಂದ ಅದು ಹಾಗೇ ಹರಿಯುತ್ತಿತ್ತು, ದಾರಿಗೆ ಅಡ್ಡವಾಗಿ ಕೋರ್ಟ್ ಇಟ್ಟವರು ನಾವು. ಈ ನೀರು ತಿಳಿಯಾಗಿ, ತಣ್ಣಗಿರುತ್ತದೆ. ಮಳೆ ಜೋರಾದರೂ ಬಿಟ್ಟರೂ ಒಂದೇ ಸಮ ಒಸರುತ್ತದೆ. ಒಸರುವ ಬಾಯಲ್ಲಿ ಕೆಲವು ಕಡೆ ತುಕ್ಕಿನ ಬಣ್ಣದ ಲೋಳೆ ಕಟ್ಟಿರುತ್ತದೆ, ಮಣ್ಣಿನ ಕಬ್ಬಿಣದ ಅಂಶದಿಂದ.

ಬೇಸಿಗೆಯಲ್ಲಿ ಜಾಗ ನೋಡಲು ಕರೆದರೂ ಇದನ್ನು ಪತ್ತೆ ಮಾಡಬಹುದು. ಧರೆಯನ್ನು ಮೇಲಿಂದ ಕೆಳಗೆ ನೋಡುತ್ತಾ ಬನ್ನಿ. ಒಂದು ಎತ್ತರದಲ್ಲಿ ಗೆರೆ ಎಳೆದ ಹಾಗೆ ಜರೀಗಿಡ, ಪಾಚಿ ಸಾಲಾಗಿ ಕಂಡರೆ ಜಲ ಬರುವುದು ಅಲ್ಲಿಂದ. ಏಪ್ರಿಲ್‌ನಲ್ಲಿ ಒಣಗಿದ್ದರೂ ಆ ಗೆರೆ ಸುಳ್ಳು ಹೇಳುವುದಿಲ್ಲ.

ಇದಕ್ಕೆ ಟರ್ಫಿನಡಿ ಎಷ್ಟು ಜಲ್ಲಿ ಸುರಿದರೂ ಉಪಯೋಗವಿಲ್ಲ, ನೀರನ್ನು ಕೋರ್ಟಿಗೆ ಬರುವ ಮೊದಲೇ ಹಿಡಿಯಬೇಕು. ಅಡಿಕೆ ತೋಟದವರಿಗೆ ಹೇಳಿಕೊಡಬೇಕಿಲ್ಲ, ಅದೇ ಬಸಿಗಾಲುವೆ. ಧರೆಯ ಬುಡಕ್ಕೇ ಅಗೆದರೆ ಧರೆ ಕಾಲುವೆಗೆ ಕೂರುತ್ತದೆ, ಎರಡು–ಮೂರು ಅಡಿ ಈಚೆಗೆ ಬನ್ನಿ. ಒಂದಡಿ ಅಗಲ, ಎರಡಡಿ ಆಳ. ತಳಕ್ಕೂ ಮಗ್ಗುಲಿಗೂ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ತಳದಲ್ಲಿ ಎರಡಿಂಚು 20 ಎಂಎಂ ಜಲ್ಲಿ, ಅದರ ಮೇಲೆ ನಾಲ್ಕಿಂಚಿನ ತೂತು ಪೈಪು. ಪೈಪಿನ ತೂತು ಕೆಳಮುಖವಾಗಿರಬೇಕು. ಮೇಲ್ಮುಖ ಮಾಡಿದರೆ ಪೈಪು ಮುಳುಗುವಷ್ಟು ನೀರು ಏರಿದ ಮೇಲೆಯೇ ಒಳಗೆ ಹೋಗುತ್ತದೆ. ಮೇಲೆ ಮತ್ತೆ ಜಲ್ಲಿ ತುಂಬಿ ಬಟ್ಟೆ ಮಡಚಿ. ವಾಟ (ನೀರು ಹರಿಯಲು ಕೊಡುವ ಇಳಿಜಾರು) 100 ಅಡಿಗೆ ಒಂದಡಿ. ಪೈಪಿನ ಕೊನೆ ಕಣ್ಣಿಗೆ ಕಾಣುವ ಹಾಗೆ ಬಯಲಿಗೆ ಬಿಡಿ, ಬಾಯಿಗೆ ಜಾಳಿಗೆ ಕಟ್ಟಿ. ಜಾಳಿಗೆ ಇಲ್ಲದ ಪೈಪಿನಿಂದ ನಾನು ಹೆಗ್ಗಣದ ಗೂಡನ್ನೂ ಏಡಿಯನ್ನೂ ಎಳೆದು ತೆಗೆದಿದ್ದೇನೆ. ಪಕ್ಕದವರ ತೋಟಕ್ಕೆ ಬಾಯಿ ತಿರುಗಿಸಿದರೆ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ.

ಸೂರಿನ ನೀರನ್ನು ಮಾತ್ರ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರಿನ ಹಂಚಿನ ಮಾಡಿನ ಮೇಲೆ ದಿನಕ್ಕೆ 50 ಮಿ.ಮೀ. ಬಿದ್ದರೆ 5,000 ಲೀಟರ್. ಅದರಲ್ಲಿ ಅರ್ಧ ಹಿತ್ತಲ ಸೂರಿನಿಂದ ಕೋರ್ಟಿನ ಅಂಚಿಗೆ ಬಿದ್ದರೂ ಎಂಥ ಹಾಸೂ ತಡೆಯುವುದಿಲ್ಲ. ಅಂಚಿನ ಉದ್ದಕ್ಕೂ ಚುಕ್ಕೆಚುಕ್ಕೆಯಾಗಿ ಮರಳು ಹಾರಿ ಹುಲ್ಲಿನ ಬುಡ ಕಾಣುತ್ತಿದ್ದರೆ ತಲೆ ಎತ್ತಿ ನೋಡಿ, ಮೇಲೆ ಸೂರಿರುತ್ತದೆ. ಸೂರಿನ ನೀರು ಹಿಡಿದು ಒಯ್ಯುವ ದೋಣಿ ಹಾಕಿಸಿ, ಅಷ್ಟೆ.

ಜಾಗ ಸಾಲದೆಂದು ಧರೆಯನ್ನು ಇನ್ನೂ ನೆಟ್ಟಗೆ ಕಡಿಸುವವರಿಗೆ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಹೇಗೆ ಇಳಿದು ಬಂತೆಂದು ಈ ಜಿಲ್ಲೆಯವರು ಮರೆತಿಲ್ಲ. ಕೋರ್ಟ್ ನಾಲ್ಕಡಿ ಕಿರಿದಾದರೆ ಯಾರೂ ಆಡುವುದು ಬಿಡುವುದಿಲ್ಲ.

ಒಂದು ಬದಿ ಇಳಿದಿದೆ

ಇದು ನೋಡಿದ ಕೂಡಲೇ ಗೊತ್ತಾಗುತ್ತದೆ. ಧರೆ ಕಡೆಯ ಅರ್ಧ ಕಲ್ಲಿನಂತೆ, ಇಳಿಜಾರಿನ ಕಡೆಯ ಅರ್ಧ ಹೊಟ್ಟೆ ಬಿಟ್ಟಂತೆ. ಟರ್ಫ್ ಎತ್ತಿದರೆ ನಡುವೆ ಕೂದಲೆಳೆಯ ಬಿರುಕು, ಕೆಲವೊಮ್ಮೆ ಕೋರ್ಟಿನ ಉದ್ದಕ್ಕೂ. ಮೇಲಿನ ಮಣ್ಣು ಕಡಿದು ಕೆಳಕ್ಕೆ ತಳ್ಳಿ ಸಪಾಟು ಮಾಡಿದ್ದಾರೆ, ಕಡಿದ ಅರ್ಧ ಗಟ್ಟಿ ನೆಲ, ತುಂಬಿದ ಅರ್ಧ ಸಡಿಲು ಮಣ್ಣು. ಜೆಸಿಬಿಯವನು ಬಕೆಟ್ ಬೆನ್ನಿನಿಂದ ಬಡಿದು "ಟೈಟಾಯ್ತಣ್ಣ" ಅಂದಿರುತ್ತಾನೆ. ಬಿಗಿಯಾಗಿರುವುದು ಮೇಲಿನ ನಾಲ್ಕಿಂಚು ಮಾತ್ರ.

ಕಂಬಿಯನ್ನು ಕಡಿದ ಕಡೆ ಮೈಭಾರ ಬಿಟ್ಟು ಒತ್ತಿ, ಒಂದು ಗೇಣೂ ಇಳಿಯುವುದಿಲ್ಲ. ತುಂಬಿದ ಕಡೆ ಒತ್ತಿ. ಎರಡಡಿ ಸಲೀಸಾಗಿ ಹೋಯಿತೋ, ಇನ್ನು ಮೇಲಿಂದ ಡಸ್ಟ್ ಹಾಕಿ ಮಟ್ಟ ಮಾಡುವ ಆಸೆ ಬಿಡಿ. ಪ್ರತಿ ಮಳೆಗಾಲಕ್ಕೂ ಒಂದು ಲೋಡ್ ಹಾಕುತ್ತಾ ಕೂರಬೇಕಾಗುತ್ತದೆ. ತುಂಬಿದ ಅರ್ಧವನ್ನು ಗಟ್ಟಿ ನೆಲ ಸಿಗುವ ತನಕ ತೆಗೆದು, ಹಳೆಯ ಇಳಿಜಾರನ್ನು ಗದ್ದೆಯ ಅಂಕಣದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲ ಮೇಲೂ ನಾಲ್ಕಿಂಚಿನ ಪದರ ಹಾಕಿ ದಮ್ಮಸು ಮಾಡಿಕೊಂಡು, ಅಂದರೆ ಬಡಿದು ಬಿಗಿ ಮಾಡಿಕೊಂಡು, ಮೇಲೆ ಬರಬೇಕು. ಇಳಿಜಾರಿನ ಮೇಲೆ ನೇರ ತುಂಬಿದ ಮಣ್ಣು ಮಳೆಗೆ ಜಾರುತ್ತದೆ, ಮೆಟ್ಟಿಲ ಮೇಲೆ ಕೂತದ್ದು ಕೂತೇ ಇರುತ್ತದೆ. ತುಂಬು ಮೂರಡಿ ದಾಟಿದರೆ ಹೊರ ಅಂಚಿಗೆ ಕಲ್ಲಿನ ತಡೆಗೋಡೆ ಬೇಕು, ಗೋಡೆಯಲ್ಲಿ ನೀರು ಹೊರಬೀಳಲು ತೂತೂ ಬೇಕು.

ನಡುವೆ ಒಂದೇ ಕಡೆ ಕುಳಿ

ಆಲ್ದೂರಿನ ಹತ್ತಿರದ ಒಂದು ಮನೆ. ನೆಟ್ಟಿನಿಂದ ಆರಡಿ ಈಚೆಗೆ, ಬುಟ್ಟಿ ಬೋರಲು ಹಾಕಿದಷ್ಟಗಲದ ತಗ್ಗು. ಎರಡು ಸಲ ಚಿಪ್ಸ್ ತುಂಬಿ ಮಟ್ಟ ಮಾಡಿದ್ದರು, ಎರಡು ಸಲವೂ ಮತ್ತೆ ಇಳಿದಿತ್ತು. ನಾನು ಕಂಬಿ ಹಿಡಿದು ಒಂದೊಂದಡಿಗೆ ಚುಚ್ಚಿ, ಸಡಿಲು ಸಿಕ್ಕಲ್ಲೆಲ್ಲ ಸುಣ್ಣದ ಚುಕ್ಕೆ ಇಡುತ್ತಾ ಹೋದೆ. ಚುಕ್ಕೆಗಳು ಸೇರಿ ಎಂಟಡಿಯ ಅಚ್ಚುಕಟ್ಟು ಚೌಕವಾಯಿತು. ನೆಲ ತಾನಾಗಿ ಕುಸಿದರೆ ಚೌಕವಾಗಿ ಕುಸಿಯುವುದಿಲ್ಲ. ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಅಜ್ಜಿ ಆಗ ಬಾಯಿಬಿಟ್ಟರು: "ಅಲ್ಲಿ ಗೊಬ್ಬರ ಗುಂಡಿ ಇತ್ತಲ್ಲಪ್ಪ. ನಿಂಗ್ಯಾರೂ ಹೇಳ್ಲಿಲ್ವ?" ಮೂರು ಲೋಡ್ ಜಲ್ಲಿ ಹಾಕಿಸಿದ ಮಗನಿಗೂ ಅದು ಗೊತ್ತಿರಲಿಲ್ಲ. ಅಗೆದರೆ ನಾಲ್ಕಡಿ ಆಳದ ತನಕ ಕಪ್ಪು ಗೊಬ್ಬರ. ಗೊಬ್ಬರ ಕೊಳೆಯುತ್ತಾ ಕುಗ್ಗುತ್ತಿತ್ತು, ಮೇಲಿನದು ಕೆಳಗಿಳಿಯುತ್ತಿತ್ತು. ಅದನ್ನೆಲ್ಲ ತೆಗೆದು ಕಾಫಿ ಬುಡಕ್ಕೆ ಹಾಕಿಸಿಕೊಂಡರು, ಅಷ್ಟರ ಮಟ್ಟಿಗೆ ಲಾಭ.

ಹಾಗಾಗಿ ಈಗ ಜಾಗ ನೋಡಲು ಹೋದರೆ ಮೊದಲು ಮನೆಯ ಹಿರಿಯರನ್ನು ಮಾತಾಡಿಸುತ್ತೇನೆ. ಹಳೇ ಬಾವಿ, ಗೊಬ್ಬರ ಗುಂಡಿ, ಕಕ್ಕಸು ಗುಂಡಿ, ಕಡಿದ ಹಲಸಿನ ಬೊಡ್ಡೆ, ಅವರಿಗೆ ಎಲ್ಲ ನೆನಪಿರುತ್ತದೆ. ಬೊಡ್ಡೆಯಂತೂ ಮೋಸ. ಮರ ಕಡಿದು ಬುಡ ಒಳಗೇ ಬಿಟ್ಟು ಮುಚ್ಚಿದರೆ ಒಂದೆರಡು ವರ್ಷ ಏನೂ ಆಗುವುದಿಲ್ಲ, ಗೆದ್ದಲು ತಿಂದು ಟೊಳ್ಳಾದ ಮೇಲೆ ಕುಳಿ ಬೀಳುತ್ತದೆ. ಹುತ್ತವಿದ್ದ ಜಾಗವೂ ಒಳಗೆ ಟೊಳ್ಳೇ. ಆದರೆ ಹುತ್ತ ಒಡೆಯಲು ನಮ್ಮ ಕೆಲಸದವರು ಒಪ್ಪುವುದಿಲ್ಲ, ನಾನೂ ಬಲವಂತ ಮಾಡುವುದಿಲ್ಲ. ಕೋರ್ಟನ್ನೇ ಹತ್ತಡಿ ಸರಿಸಿದ್ದುಂಟು.

ಇನ್ನು ಸಣ್ಣಪುಟ್ಟವು

ಹುಲ್ಲಿನ ನಡುವೆ ನಿಜವಾದ ಹುಲ್ಲು ಬಂದರೆ ಗರಿಕೆಯೋ ಕೊನ್ನಾರಿಯೋ ನೋಡಿ. ಗರಿಕೆ ಅಂಚಿನಿಂದ ನುಸುಳಿ ಬರುತ್ತದೆ, ಅಂಚಿನ ಕಲ್ಲು ಸರಿಯಾಗಿ ಹೂತರೆ ನಿಲ್ಲುತ್ತದೆ. ಕೊನ್ನಾರಿ ಗೆಡ್ಡೆ ಕೆಳಗಿಂದ ಬಟ್ಟೆಯನ್ನೇ ಚುಚ್ಚಿಕೊಂಡು ಬರುತ್ತದೆ. ಮೇಲ್ಮಣ್ಣು ಆರಿಂಚು ತೆಗೆಯದೆ ಹಾಸಿದ್ದಾರೆಂದು ಅದರ ಅರ್ಥ. ಪಾಚಿ ಕಟ್ಟಿ ಕಾಲು ಜಾರುತ್ತಿದ್ದರೆ ನೆಲ ಅಗೆಯುವ ಮುಂಚೆ ಮೇಲಿನ ಕೊಂಬೆ ಕಡಿಸಿ ನೋಡಿ, ಎಷ್ಟೋ ಸಲ ನೆರಳೇ ಕಾರಣ.

ಕಡೂರು, ಅರಸೀಕೆರೆ ಕಡೆಯವರಿಗೆ ಮೇಲಿನ ಅರ್ಧಕ್ಕರ್ಧ ಅನ್ವಯಿಸುವುದಿಲ್ಲ. ಅಲ್ಲಿ ಮಳೆ ಕಡಿಮೆ, ಆದರೆ ಎರೆಮಣ್ಣು ಇದ್ದಲ್ಲಿ ಅದೇ ಒಂದು ರೋಗ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಅಲೆ ಎದ್ದು ಬೇಸಿಗೆಯಲ್ಲಿ ಸರಿಹೋಗುವ ಕೋರ್ಟ್ ಕಂಡರೆ ಅದು ಎರೆಮಣ್ಣಿನ ಆಟ. ಒಂದೂವರೆ–ಎರಡಡಿ ತೆಗೆದು ಗ್ರಾವೆಲ್ ಮಣ್ಣು ತುಂಬಿಸುವುದು ಒಂದು ದಾರಿ, ಸುಣ್ಣ ಬೆರೆಸಿ ದಮ್ಮಸು ಮಾಡುವುದು ಇನ್ನೊಂದು.

ಮತ್ತೆ ಕಟ್ಟುವಾಗ

ಕೆಲಸ ಹಿಡಿಯಲು ಒಳ್ಳೆಯ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್. ಕಾಫಿ ಕೊಯ್ಲು ಮುಗಿದಿರುತ್ತದೆ, ಆಳು ಸಿಗುತ್ತಾರೆ. ಒಣ ಧೂಳನ್ನು ಎಷ್ಟು ಬಡಿದರೂ ಕೂರುವುದಿಲ್ಲ, ಕೆಸರನ್ನು ಬಡಿದರೆ ಪಕ್ಕಕ್ಕೆ ಹರಿಯುತ್ತದೆ. ಹದ ನೋಡಲು ಒಂದು ಹಿಡಿ ಮಣ್ಣು ಅಮುಕಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಉಂಡೆಯೇ ಕಟ್ಟದಿದ್ದರೆ ನೀರು ಚಿಮುಕಿಸಿ. ಅಂಗೈ ಒದ್ದೆಯಾಗಿ, ಉಂಡೆ ನೆಲಕ್ಕೆ ಚಪ್ಪಟೆ ಅಂಟಿಕೊಂಡರೆ ಒಂದೆರಡು ದಿನ ಆರಲು ಬಿಡಿ. ಮೂರು–ನಾಲ್ಕು ಚೂರಾಯಿತೋ, ಈಗ ದಮ್ಮಸು. ಸಣ್ಣ ಪ್ಲೇಟ್ ಕಾಂಪ್ಯಾಕ್ಟರಿನ ಪೆಟ್ಟು ನಾಲ್ಕಿಂಚು ದಾಟಿ ಇಳಿಯುವುದಿಲ್ಲ. ಎಂಟಿಂಚು ಒಟ್ಟಿಗೆ ಹಾಕಿ ಮೇಲೆ ಎರಡು ದಿನ ಕುಣಿದರೂ ಅಡಿಯದು ಸಡಿಲೇ.

ವಾಟವನ್ನು ಮಣ್ಣಿನ ಮಟ್ಟದಲ್ಲೇ ಕೊಟ್ಟುಬಿಡಿ, ನೂರಕ್ಕೆ ಒಂದರಂತೆ. 30 ಅಡಿ ಅಗಲಕ್ಕೆ ಮೂರೂವರೆ ಇಂಚು. ಆಡುವವರಿಗೆ ಗೊತ್ತೇ ಆಗುವುದಿಲ್ಲ. ಕೆಳಗೆ ಮಟ್ಟಸ ಮಾಡಿ ಮೇಲೆ ಜಲ್ಲಿಯಲ್ಲಿ ವಾಟ ತರುತ್ತೇನೆಂದರೆ ಜಲ್ಲಿಯ ನೀರು ಕೆಳಗೆ ಹೋಗಿ ಅಲ್ಲಿಯೇ ಕೂರುತ್ತದೆ. ಮಣ್ಣಿನ ಮೇಲೆ ಬಟ್ಟೆ, ಅದರ ಮೇಲೆ 40 ಎಂಎಂ ಜಲ್ಲಿ, ಆಮೇಲೆ 20, ಕೊನೆಗೆ ಒಂದಿಂಚು 6 ಎಂಎಂ ಚಿಪ್ಸ್. ಬಟ್ಟೆ ಬಿಟ್ಟರೆ ಮೆತ್ತನೆ ಮಣ್ಣು ಜಲ್ಲಿಯ ಸಂದಿನಲ್ಲಿ ಮೇಲೇರುತ್ತದೆ. 20 ಬಿಟ್ಟರೆ ಚಿಪ್ಸ್ ಎಲ್ಲ 40ರ ಸಂದಿಗೆ ಇಳಿಯುತ್ತದೆ. ಕೆಂಪು ಗಟ್ಟಿ ನೆಲಕ್ಕೆ ಒಟ್ಟು ಆರಿಂಚು ಸಾಕು, ಹಳೇ ಗದ್ದೆಯಾದರೆ ಹತ್ತು–ಹನ್ನೆರಡು. 60 ಅಡಿಗೆ 30 ಅಡಿ ನೆಲದಲ್ಲಿ ಆರಿಂಚು ಅಂದರೆ ಬಿಗಿದ ಮೇಲೆ 9 ಯೂನಿಟ್ (ಒಂದು ಯೂನಿಟ್ ಅಂದರೆ 100 ಘನ ಅಡಿ), ತರಿಸುವುದು 11ಕ್ಕೆ ಕಡಿಮೆ ಬೇಡ.

ಇಷ್ಟಾದ ಮೇಲೆ ಟರ್ಫಿನವನಿಗೆ ತಕ್ಷಣ ಫೋನ್ ಮಾಡಬೇಡಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರಲಿ. ಮಳೆ ಬೀಳುವಾಗ ಕೊಡೆ ಹಿಡಿದು ಬರಿ ಹಾಸಿನ ಮೇಲೆ ಓಡಾಡಿ, ನೀರು ನಿಂತಲ್ಲೆಲ್ಲ ಗೂಟ ಹೊಡೆಯಿರಿ. ಮರುದಿನ ಗೂಟದ ಸುತ್ತ ಕೆರೆದು ಚಿಪ್ಸ್ ತುಂಬಿ ಬಿಗಿ ಮಾಡಿ, ಇನ್ನೊಂದು ಮಳೆಗೆ ಕಾಯಿರಿ. ಎರಡನೇ ಮಳೆಯಲ್ಲಿ ಹೊಡೆಯಲು ಗೂಟ ಬೇಕಾಗದಿದ್ದರೆ ಆಗ ಕರೆಯಿರಿ.